ಬೇಕಾದುದನ್ನು ಬೇಕು ಎನ್ನುವ ಬಗ್ಗೆ

ಇಲಾಖೆಯ ದಕ್ಷಿಣ ಕಚೇರಿ, ಸ್ವೀಡನ್
ಸಂಖ್ಯೆ: ಇಷ್ಟ/3/ಪರವಾಗಿಲ್ಲ/11
ದಿನಾಂಕ: 14 ನವೆಂಬರ್

ವಿಷಯ: ಸಿಬ್ಬಂದಿಯು ತಮ್ಮ ಇಷ್ಟವನ್ನು ಬಾಯಿಬಿಟ್ಟು ಹೇಳುವ ಕುರಿತು.

ಉಲ್ಲೇಖ: 1) ಕಾಫಿ ಕೋಣೆಯ ಏಲಕ್ಕಿ ಬನ್ನು. 2) ಕಚೇರಿ ಮುಖ್ಯಸ್ಥರನ್ನು ಉತ್ತರದ ಹಾಪರಾಂಡಾಕ್ಕೆ ವರ್ಗಾಯಿಸಿದ ಆದೇಶ.

ಮೇಲ್ಕಂಡ ಘಟನೆಗಳ ಹಿನ್ನೆಲೆಯಲ್ಲಿ ಎಲ್ಲರ ಗಮನಕ್ಕೆ ತರಲಾಗಿದೆ:

1. ಇಷ್ಟವನ್ನು ಮೂರು ಮಟ್ಟಗಳಲ್ಲಿ ಮಾತ್ರ ವ್ಯಕ್ತಪಡಿಸತಕ್ಕದ್ದು: 'ಯೆರ್ನಾ' (ಆಗಲಿ, ಸಂತೋಷ), 'ಹೆಲ್ರೆ' (ಅದಕ್ಕಿಂತ ಇದು), 'ಹೆಲ್ಸ್ಟ್' (ಎಲ್ಲಕ್ಕಿಂತ ಇದೇ). ಮೂರನೆಯದನ್ನು ಈ ಕಚೇರಿಯಲ್ಲಿ 2009ರ ನಂತರ ಯಾರೂ ಬಳಸಿರುವುದಿಲ್ಲ. ಆಗ ಬಳಸಿದವರು ಕ್ಷಮೆ ಕೇಳಿರುತ್ತಾರೆ.

2. ತಟ್ಟೆಯ ಕೊನೆಯ ಬನ್ನನ್ನು ಅರ್ಧ ಮಾಡಿಕೊಂಡು ಉಳಿದರ್ಧವನ್ನು ಬೇರೆಯವರಿಗೆಂದು ಬಿಡುವ ಪದ್ಧತಿಯನ್ನು ನಿಷೇಧಿಸಲಾಗಿದೆ. ಕಳೆದ ಗುರುವಾರ ಏಳು ಜನ ಹೀಗೆ ಮಾಡಿದ್ದರಿಂದ ಬನ್ನಿನ ನೂರಿಪ್ಪತ್ತೆಂಟನೆಯ ಒಂದು ಭಾಗವು ಸೋಮವಾರದವರೆಗೂ ತಟ್ಟೆಯಲ್ಲಿತ್ತು. ಏಳನೆಯವರಾಗಿ ಚಾಕು ಹಿಡಿದವರು ಈ ಸುತ್ತೋಲೆಗೆ ಸಹಿ ಮಾಡಿದವರೇ ಎಂದು ಕಂಡುಬಂದಿದೆ.

3. 'ನನಗೇನೂ ಪರವಾಗಿಲ್ಲ' ಎಂಬ ಉತ್ತರವನ್ನು ಒಬ್ಬರಿಗೆ ದಿನಕ್ಕೆ ಎರಡು ಬಾರಿಗೆ ಮಿತಿಗೊಳಿಸಲಾಗಿದೆ. ಕಿಟಕಿ ತೆರೆಯಬೇಕೆ ಎಂಬ ಪ್ರಶ್ನೆಗೆ ಇದು ಅನ್ವಯಿಸುವುದಿಲ್ಲ. ಆ ಪ್ರಶ್ನೆ ಮಾರ್ಚ್‌ನಿಂದ ಸಮಿತಿಯ ಮುಂದಿದೆ.

4. ಕೇಂದ್ರ ಕಚೇರಿಯ ಬಿರಿಟ್ ದೂರವಾಣಿಯಲ್ಲಿ "ಸಿಕ್ಸ್ಟೆನ್, ಹಾಪರಾಂಡಾಕ್ಕೆ ಹೋಗ್ತೀಯಾ?" ಎಂದು ಕೇಳಿದಾಗ ಮುಖ್ಯಸ್ಥರು "ಯೆರ್ನಾ" ಎಂದಿರುತ್ತಾರೆ. ಹದಿನಾಲ್ಕು ವರ್ಷ ಸರದಿಯಲ್ಲಿ ಕಾದು ಈ ಏಪ್ರಿಲ್‌ನಲ್ಲಷ್ಟೇ ನಗರಸಭೆಯಿಂದ ಪಡೆದ ತೋಟದ ತುಂಡನ್ನು, ಊರು ಬಿಟ್ಟವರು ಮರಳಿಸಬೇಕೆಂಬ ನಿಯಮ ಅವರಿಗೆ ತಿಳಿದೇ ಇತ್ತು. ಕೇಳಿದವರಿಗೆ ಬೇಸರವಾಗದಿರಲೆಂದು ನೀಡುವ ಇಂಥ ಉತ್ತರಗಳನ್ನು ಇನ್ನು ಮುಂದೆ ಉತ್ತರವೆಂದು ಪರಿಗಣಿಸಲಾಗುವುದಿಲ್ಲ.

5. ಆದೇಶದ ವಿರುದ್ಧ ಮುಖ್ಯಸ್ಥರು ಬರೆದ ಎರಡು ಪುಟಗಳ ಮನವಿಯಲ್ಲಿ 'ತೊಂದರೆಯಾಗದಿದ್ದರೆ' ಎಂಬುದು ಒಂಬತ್ತು ಬಾರಿ ಬಂದಿದ್ದು, ಏನು ಬೇಕು ಎಂಬುದು ಒಮ್ಮೆಯೂ ಬಂದಿರುವುದಿಲ್ಲ. ಟಪಾಲು ವಿಭಾಗದ ಗುನೆಲ್ ಅದನ್ನು ಓದಿ, "ಅಲ್ಲ ಮಾರಾಯ, ಪ್ಲಮ್ ಗಿಡ ನೆಟ್ಟಿದ್ದೀಯ, ಅದನ್ನಾದ್ರೂ ಬರಿಯೋ!" ಎಂದು ಗದರಿ, ಮನವಿಯ ಬದಲು ಬಿರಿಟ್ ಅವರಿಗೆ ತಾವೇ ಒಂದು ಸಾಲು ಕಳುಹಿಸಿರುತ್ತಾರೆ: "ಅವನಿಗೆ ಹೋಗೋಕೆ ಇಷ್ಟ ಇಲ್ಲ." ಪೂರ್ವಾನುಮತಿ ಇಲ್ಲದೆ ಒಂದೇ ಸಾಲಿನಲ್ಲಿ ನಿಜ ಬರೆಯುವುದು ಶಿಸ್ತಿನ ಉಲ್ಲಂಘನೆಯಾಗಿರುತ್ತದೆ.

6. ಇಪ್ಪತ್ತು ನಿಮಿಷಗಳಲ್ಲಿ ಬಿರಿಟ್ ಅವರಿಂದ ಮುಖ್ಯಸ್ಥರಿಗೆ ಬಂದ ಉತ್ತರ: "ಮೊದಲೇ ಹೇಳಬಾರದಿತ್ತಾ? ನಿನ್ನನ್ನ ಕೇಳದೇ ಬಿಟ್ವಿ ಅಂತ ನಿನಗೆ ಅನ್ನಿಸಬಾರದು ಅಂತ ಕೇಳಿದ್ದಷ್ಟೆ. ಹಾಪರಾಂಡಾದವರಿಗೂ ಯಾರೂ ಬೇಕಿಲ್ಲವಂತೆ. ಹೇಳೋಕೆ ಸಂಕೋಚಪಟ್ಟರಂತೆ." ವರ್ಗಾವಣೆಯನ್ನು ರದ್ದುಪಡಿಸಲಾಗಿದೆ.

7. ಈ ಸುತ್ತೋಲೆಯು ತಕ್ಷಣದಿಂದ ಜಾರಿಗೆ ಬರತಕ್ಕದ್ದು, ಯಾರಿಗೂ ಅಡ್ಡಿಯಿಲ್ಲದಿದ್ದರೆ.

ಸಹಿ/-
ಸಿಕ್ಸ್ಟೆನ್ ಯುಂಗ್‌ಕ್ವಿಸ್ಟ್
ಕಚೇರಿ ಮುಖ್ಯಸ್ಥ (ಇಲ್ಲಿಯೇ)

ಪ್ರತಿಗಳು:
ಬಿರಿಟ್, ಕೇಂದ್ರ ಕಚೇರಿ: ಮಾಹಿತಿಗಾಗಿ, ಬೇಸರವಿಲ್ಲದಿದ್ದರೆ.
ಕಿಟಕಿ ಸಮಿತಿ: ಒಳಗೆ ತುಂಬಾ ಸೆಕೆಯಿದೆ ಎಂಬ ಷರಾದೊಂದಿಗೆ.
ಕಾಫಿ ಕೋಣೆಯ ಗೋಡೆ.
ಗುನೆಲ್, ಟಪಾಲು ವಿಭಾಗ: ಶಿಸ್ತು ಕ್ರಮವಾಗಿ, ಇಂದಿನ ಕೊನೆಯ ಬನ್ನಿನೊಂದಿಗೆ. ಇಡಿಯಾಗಿ.