ಖಾಲಿ ಬಿಡಬಾರದೆಂಬ ರಾಜಾಜ್ಞೆ

ಬಹಳ ಹಿಂದಿನ ಮಾತು. ಸಮತಲಪುರಿಯೆಂಬ ರಾಜ್ಯವೊಂದಿತ್ತು. ಅದನ್ನು ಏಕಪಂಕ್ತಿವರ್ಮನೆಂಬ ಧರಣಿಪಾಲನು ಆಳುತ್ತಿದ್ದನು. ಎಂದರೆ, ಆತ ಸಿಂಹಾಸನದ ಮೇಲಿರುವಾಗ ಕೆಳಗಿನವರು ಹೇಗೋ ಬದುಕಿಕೊಳ್ಳುತ್ತಿದ್ದರು.

ನಾಡಿನಲ್ಲಿ ಬಾಡಿಗೆಗೆ, ಮಾರಾಟಕ್ಕೆ ಇರುವ ಮನೆ, ಹೊಲ, ಮಳಿಗೆಗಳೆಲ್ಲ ಒಂದು ಪೋರ್ಟಲ್‌ನಲ್ಲಿ ಕಾಣಬೇಕೆಂದು ಅರಸನಿಗೆ ಮನಸ್ಸಾಯಿತು. ದತ್ತಾಂಶ ಮಂತ್ರಿ ಅಂಕಣಾಚಾರ್ಯರು ಕೈಮುಗಿದು ನಿಂತರು.

"ಪ್ರಭೂ, ಮನೆಗೊಂದು ಕೋಷ್ಟಕ, ಹೊಲಕ್ಕೊಂದು, ಮಳಿಗೆಗೊಂದು. ಮಾಲೀಕರ ಹೆಸರು ಹಿಡಿದು ಮೂರನ್ನೂ ಜೋಡಿಸಿದರಾಯಿತು."

"ನಮ್ಮ ರಾಜ್ಯವನ್ನು ಮೂರು ಹೋಳು ಮಾಡುತ್ತೀರೇನು, ಆಚಾರ್ಯರೇ?"

"ಅಂಥ ದ್ರೋಹದ ಸಲಹೆ ಯಾರು ಕೊಟ್ಟರೋ ಕಾಣೆ," ಎಂದರು ಆಚಾರ್ಯರು, ಉಸಿರೂ ಬಿಡದೆ. "ಒಂದೇ ನಾಡು, ಒಬ್ಬರೇ ಪ್ರಭು, ಒಂದೇ ಕೋಷ್ಟಕ."

ಹಾಗೆಯೇ ಆಯಿತು. ಹೊಲದವರು ಮಲಗುವ ಕೋಣೆ ಎಷ್ಟೆಂದು ಹೇಳಬೇಕು. ಮನೆಯವರು ನೀರಾವರಿ ಯಾವುದೆಂದು ಹೇಳಬೇಕು. ಅರಮನೆಯ ಸಾಲಿನಲ್ಲಿ 'ಉಳುವವರು' ಎಂಬಲ್ಲಿ ಆಚಾರ್ಯರು ಪ್ರಭುಗಳ ಹೆಸರನ್ನೇ ಬರೆಸಿ ಮುತ್ತಿನ ಹಾರ ಪಡೆದರು. ತುಂಬದ ಅಂಕಣವು ಅರಸನ ಕಣ್ಣಿಗೆ ಹಲ್ಲು ಬಿದ್ದ ಬಾಯಿಯಂತೆ ಕಂಡದ್ದರಿಂದ, ಯಾವುದನ್ನೂ ಖಾಲಿ ಬಿಡಕೂಡದೆಂದು ಆಜ್ಞೆ ಹೊರಟಿತು. ಗುಮಾಸ್ತರು ವಿಧೇಯರು. ಏನೂ ಇಲ್ಲದ ಅಂಕಣದಲ್ಲೆಲ್ಲ 'ಖಾಲಿ' ಎಂದು ಬರೆದು ತುಂಬಿದರು.

ಊರಂಚಿನ ಎಣ್ಣೆಗಾಣದ ಶಂಕ್ರವ್ವ ತನ್ನ ಮನೆಯ ಮುಂಭಾಗದ ಮಳಿಗೆಯನ್ನು ಬಾಡಿಗೆಗೆಂದು ಪೋರ್ಟಲ್‌ನಲ್ಲಿ ಬರೆಸಲು ಬಂದಳು. ಹಿಂದಿನ ಗಾಣದ ಮನೆಯಲ್ಲಿ ಅವಳೂ ತುಂಬುಬಸುರಿ ಸೊಸೆಯೂ ಇದ್ದರು.

"ಬೆಳಿ ಏನೈತಿ, ಯವ್ವಾ?" ಗುಮಾಸ್ತ ಕೇಳಿದ.

"ಮಳಿಗ್ಯಾಗ ಏನ್ ಬೆಳಿಬೇಕೋ ತಮ್ಮಾ? ಇಲಿ ಬೆಳದಾವ."

"ಖಾಲಿ. ಮಲಗೂ ಕೋಣಿ?"

"ಗಾಣದ ಬಾಜೂಕ ಕೌದಿ ಹಾಸ್ಕೊಂಡು ಮಲಗ್ತೀವಿ."

"ಅದೂ ಖಾಲಿ."

ಮರುದಿನ ಪೋರ್ಟಲ್ ಸಾರಿತು: ಶಂಕ್ರವ್ವನ ಮನೆ ಖಾಲಿ. ಸಂಜೆಯೊಳಗೆ ಆಚಾರ್ಯರ ಭಾವಮೈದುನ ಪೆಟ್ಟಿಗೆ ಸಮೇತ ಇಳಿದ. ಭಟರು ಗಾಣವನ್ನು ಕಿತ್ತು ಹೊರಗಿಟ್ಟರು.

"ನಾವು ಒಳಗ ಅದೀವಲ್ಲೋ, ಕಣ್ಣು ಕಾಣೂದಿಲ್ಲೇನು?"

"ಕಾಣ್ತೀರಿ, ಯವ್ವಾ," ಎಂದ ಭಟನೊಬ್ಬ. "ಆದ್ರ ದತ್ತಾಂಶದಾಗ ನೀವಿಲ್ಲ."

ಶಂಕ್ರವ್ವ ಆಸ್ಥಾನಕ್ಕೆ ಹೋದಳು. "ಹೆರೂ ಹೆಣಮಗಳನ್ನ ಬೀದ್ಯಾಗ ಮಲಗಸ್ಲೇನ್ರೀ, ದೊರಿ?"

ಅರಸನು ಆಚಾರ್ಯರತ್ತ ನೋಡಿದನು.

"ಪ್ರಭೂ, ನಿನ್ನೆ ಕೋಷ್ಟಕಕ್ಕೂ ಲೋಕಕ್ಕೂ ವ್ಯತ್ಯಾಸವಿದ್ದದ್ದು ನಿಜ. ಈಕೆ ಹೊರಬಿದ್ದದ್ದರಿಂದ ಅದು ಸರಿಹೋಯಿತು. ಇದನ್ನು ಬಲ್ಲವರು ದತ್ತಾಂಶ ಶುದ್ಧೀಕರಣವೆನ್ನುತ್ತಾರೆ."

"ಭಲೇ," ಎಂದನು ಅರಸ. ಖಾಲಿ ಎಂದು ಬರೆದಲ್ಲೆಲ್ಲ ಖಾಲಿ ಮಾಡಿಸಬೇಕೆಂದು ಆಜ್ಞೆಯಾಯಿತು. ಜನ ಹೆದರಿ ಪಡಸಾಲೆಯಲ್ಲಿ ಜೋಳ ಬಿತ್ತಿದರು, ಹೊಲದಲ್ಲಿ ಮಂಚ ಹಾಕಿದರು. ಶಂಕ್ರವ್ವನ ಸೊಸೆ ಬೇವಿನ ಮರದಡಿ, ನಾಲ್ಕು ಸೀರೆಗಳ ಮರೆಯಲ್ಲಿ ಹೆತ್ತಳು.

ಆಚಾರ್ಯರಿಗೆ 'ಕೋಷ್ಟಕ ಕಂಠೀರವ' ಬಿರುದು ಕೊಡುವ ದಿನ ದೀಪೋತ್ಸವಕ್ಕೆ ಎಣ್ಣೆಯಿರಲಿಲ್ಲ. ಒಕ್ಕಲೊಂದಕ್ಕೆ ಒಂದು ಕೊಡ ಎಣ್ಣೆ ಒಪ್ಪಿಸಬೇಕೆಂದು ಡಂಗುರವಾಯಿತು. ಗುಮಾಸ್ತ ಬೇವಿನ ಮರದಡಿಗೂ ಬಂದ.

"ನನಗ ಮನೀನ ಇಲ್ಲಂತ ನೀನ ಬರದೀಯಲ್ಲೋ," ಎಂದಳು ಶಂಕ್ರವ್ವ, ಬಾಣಂತಿಯ ತಲೆಗೆ ಹಚ್ಚಲು ಉಳಿಸಿಕೊಂಡಿದ್ದ ಎಣ್ಣೆಯ ಗಿಂಡಿಯನ್ನು ಸೆರಗಿನೊಳಗೆ ಸರಿಸುತ್ತ.

"ಮನಿ ಅಂಕಣ ಖಾಲಿ ಐತಿ, ಯವ್ವಾ," ಎಂದು ಅವನು ಕೈಚಾಚಿದ. "ಕೊಡಬೇಕಾದವರ ಹೆಸರಿನ ಅಂಕಣ ಖಾಲಿ ಇಲ್ಲ."