ಗೊಂಬೆ ಮೆಟ್ಟಿಲ ಕೆಳಗಿನ ವಿದೇಶಾಂಗ ನೀತಿ

ಜಾಣತನ ತೋರಿಸಬೇಕೆಂಬ ಚಪಲ ಮನುಷ್ಯರಿಗೆ ಯಾವ ಗಳಿಗೆಯಲ್ಲಿ ಬರುತ್ತದೋ ಹೇಳಲಾಗದು. ನನಗೆ ಬಂದದ್ದು ಎಂಬತ್ತಮೂರನೆಯ ಇಸವಿಯ ಮಹಾಲಯ ಅಮಾವಾಸ್ಯೆಯ ದಿನ, ಬನಶಂಕರಿ ಎರಡನೆಯ ಹಂತದ ನಮ್ಮ ಬಾಡಿಗೆ ಮನೆಯಲ್ಲಿ, ಅತ್ತೆ ನವರಾತ್ರಿಯ ಗೊಂಬೆಗಳಿಗೆ ಮೆಟ್ಟಿಲು ಕಟ್ಟುತ್ತಿದ್ದಾಗ.

ಆಗ ನಾನು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಎಂ.ಎ. ಮಾಡುತ್ತಿದ್ದೆ. ಕಾಲೇಜಿಗೆ ಹೋಗಿ ಅಲ್ಲ. ತಿಂಗಳಿಗೊಮ್ಮೆ ವಿಶ್ವವಿದ್ಯಾಲಯವೇ ಪೋಸ್ಟ್‌ಮನ್ ಚೀಲದಲ್ಲಿ ಕೂತು ನಮ್ಮ ಮನೆಗೆ ಬರುತ್ತಿತ್ತು. ಅನ್ನಕ್ಕಿಟ್ಟು ವಿಶ್ವಸಂಸ್ಥೆ, ಸಾರು ಕುದಿಯುವಾಗ ಸೂಯೆಜ್ ಕಾಲುವೆ, ಹೀಗೆ ಓದು ಸಾಗಿತ್ತು. (ಸೂಯೆಜ್ ಪಾಠದ ಮೂರನೆಯ ಪುಟದಲ್ಲಿ ಇವತ್ತಿಗೂ ಒಗ್ಗರಣೆಯ ಕಲೆ ಇದೆ.)

ಅತ್ತೆ ಗೌರಮ್ಮನವರು ನನ್ನ ಓದಿಗೆ ಎಂದೂ ಅಡ್ಡ ಬಂದವರಲ್ಲ. ಆದರೆ ಮನೆಗೆ ಯಾರೇ ಬರಲಿ, “ನಮ್ಮ ಉಮಾ ಓದ್ತಿದಾಳೆ. ಅದೇನೋ ದೇಶದೇಶದ ಜಗಳದ ವಿಷಯವಂತೆ. ಅದರಿಂದ ನಮ್ಮನೆಗೆ ಏನಾಗ್ಬೇಕೋ ನಂಗಂತೂ ಗೊತ್ತಿಲ್ಲ” ಎನ್ನುತ್ತಿದ್ದರು. ಆ ಕೊನೆಯ ಮಾತು ಮಾತ್ರ ನನ್ನ ಎದೆಯಲ್ಲಿ ಸಣ್ಣ ಮುಳ್ಳಿನ ಹಾಗೆ ಕೂತಿತ್ತು.

ನಮ್ಮ ಮನೆಯಲ್ಲಿ ಗೊಂಬೆಗೆ ಏಳು ಮೆಟ್ಟಿಲು. ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು. ಪ್ರತಿ ವರ್ಷ ಮೇಲಿನ ಮೆಟ್ಟಿಲಿಗೆ ಆಧಾರವಾಗುತ್ತಿದ್ದ ಟ್ರಂಕು ಆ ವರ್ಷ ಮೈದುನನ ಜೊತೆ ದಾವಣಗೆರೆಗೆ ಹೋಗಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಐದಕ್ಕೇ ನಿಲ್ಲಿಸೋಣ ಅತ್ತೆ.”

“ಹೋದ ವರ್ಷ ಏಳು, ಈ ವರ್ಷ ಐದು ಅಂದ್ರೆ ಪಕ್ಕದ್ಮನೆ ಈಶ್ವರಮ್ಮ ಏನಂದುಕೋತಾಳೆ? ನಮ್ಮನೆ ಕೆಳಗಿಳೀತಿದೆ ಅಂತ.”

ಆಗಲೇ ನನಗೆ ಹೊಳೆದದ್ದು. “ನನ್ನ ದಪ್ಪ ಪುಸ್ತಕಗಳಿದಾವಲ್ಲ. ಎರಡು ಸಾಲು ಜೋಡಿಸಿ ಮೇಲೆ ಹಲಗೆ ಇಟ್ಟರೆ ಟ್ರಂಕಿನಷ್ಟೇ ಎತ್ತರ ಆಗುತ್ತೆ.”

“ನಿನಗೆ ಓದೋಕೆ ಬೇಡ್ವೇನೆ?”

“ಎಲ್ಲಾ ಓದಿ ಮುಗಿಸಿದೀನಿ. ಇನ್ನೇನಿದ್ರೂ ಹೋಗಿ ಬರೆಯೋದಷ್ಟೆ.”

(ಅರ್ಧವೂ ಓದಿರಲಿಲ್ಲ. ಆದರೆ ಪರೀಕ್ಷೆ ನವೆಂಬರಿನಲ್ಲಿ ಎಂದುಕೊಂಡಿದ್ದೆ. ನವೆಂಬರ್ ಎಂಬುದು ದೂರದ ವಿದೇಶದ ಹಾಗೆ ಕಾಣುತ್ತಿತ್ತು.) ಹನ್ನೊಂದು ಪುಸ್ತಕ, ದಾರ ಹಾಕಿ ಹೊಲಿದ ಪಾಠಗಳ ಎರಡು ಕಟ್ಟು, ಎಲ್ಲವನ್ನೂ ತಂದು ಅತ್ತೆಯ ಮುಂದಿಟ್ಟೆ. ನನ್ನ ಓದಿನಿಂದ ಈ ಮನೆ ಒಂದು ಮೆಟ್ಟಿಲಾದರೂ ಏರಿತಲ್ಲ ಎಂದು ಬೀಗುತ್ತಾ ಅಡುಗೆಮನೆಗೆ ಹೋದೆ. ಬರುವಷ್ಟರಲ್ಲಿ ಮೆಟ್ಟಿಲ ಮೇಲೆಲ್ಲ ಬಿಳಿ ಪಂಚೆ ಹಾಸಿಯಾಗಿತ್ತು. ಮಾರನೆಯ ದಿನ ಶುಕ್ರವಾರ, ಪಟ್ಟದ ಗೊಂಬೆಗಳು ಏರಿ ಕೂತವು. ಕಳಶವಿಟ್ಟು ಆರತಿ ಎತ್ತಿದ ಮೇಲೆ ವಿಜಯದಶಮಿಯವರೆಗೆ ಅವನ್ನು ಕದಲಿಸುವ ಹಾಗಿಲ್ಲ.

ಶನಿವಾರ ವಿಶ್ವವಿದ್ಯಾಲಯದಿಂದ ಕಾಗದ ಬಂತು. ಎರಡನೆಯ ಮಹಾಯುದ್ಧದ ನಂತರದ ಪ್ರಪಂಚ ಎಂಬ ಪತ್ರಿಕೆಯ ಪರೀಕ್ಷೆ ವಿಜಯದಶಮಿಯ ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ. ಇದರಲ್ಲಿ ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ಆ ವರ್ಷವಿಡೀ ಅತ್ತೆಯ ಆ ಕೊನೆಯ ಮಾತನ್ನು ಕೇಳಬೇಕು. ಮಹಾಯುದ್ಧದ ನಂತರದ ಪ್ರಪಂಚವೋ, ಮರದ ರಾಜ-ರಾಣಿಯರ ಕೆಳಗೆ ಸಿಕ್ಕಿಕೊಂಡಿತ್ತು.

ಸಂಜೆ ಯಜಮಾನರ ಮೊರೆ ಹೋದೆ. “ರೀ, ಅಮ್ಮನ ಹತ್ರ ನೀವೇ ಒಂದು ಮಾತು ಹೇಳಿ.”

ಬದರಿನಾಥರು ದಿನಪತ್ರಿಕೆಯಿಂದ ತಲೆ ಎತ್ತಲಿಲ್ಲ. “ನಾನು ಅಲಿಪ್ತ.”

“ಅದು ನನ್ನ ಪಾಠದ ಮಾತು.”

“ನೀನು ಗಟ್ಟಿಯಾಗಿ ಓದ್ತೀಯ, ನನ್ನ ಕಿವಿಗೂ ಬೀಳುತ್ತೆ. ಓದಿ ಮುಗಿಸಿದೀನಿ ಅಂತ ಜಂಬ ಕೊಚ್ಚಿಕೊಂಡೋಳು ನೀನು. ಹೋಗಿ ನೀನೇ ಕೇಳು.”

ಕೇಳುವುದೊಂದನ್ನು ಬಿಟ್ಟು ಬೇರೆಲ್ಲವನ್ನೂ ಮಾಡಿದೆ. ಅಂತರರಾಷ್ಟ್ರೀಯ ಅಧ್ಯಯನದ ವಿದ್ಯಾರ್ಥಿನಿ ನೇರವಾಗಿ ಕೇಳಿದರೆ ಓದಿದ್ದಕ್ಕೆ ಏನು ಬೆಲೆ? ಭಾನುವಾರ ಸೂಚ್ಯವಾಗಿ ಆರಂಭಿಸಿದೆ. “ಮೇಲಿನ ಮೆಟ್ಟಿಲು ಸ್ವಲ್ಪ ವಾಲಿದ ಹಾಗಿದೆ ಅತ್ತೆ.”

“ವಾಲಿರೋದು ನಿನ್ನ ಕಣ್ಣು. ಓದಿ ಓದಿ ಹಾಗಾಗಿದೆ.”

ಸೋಮವಾರ ಸದ್ಭಾವನೆಯ ಕ್ರಮಗಳು. ಕೇಳದೆಯೇ ಕಡಲೆಕಾಳು ಉಸಲಿ ಮಾಡಿದೆ, ಎರಡು ಡಬ್ಬ ಚಕ್ಕುಲಿ ಒತ್ತಿದೆ. ಡಬ್ಬಗಳನ್ನಿಡಲು ಜಾಗವಿಲ್ಲದೆ ನನ್ನ ಓದುವ ಮೇಜಿಗೆ ತಂದೆ. ಮೇಜಿನ ಮೇಲೆ ಹಳೆ ಸೀರೆ ಹೊದಿಸಿದ ರಾಶಿಯೊಂದಿತ್ತು. ಗೊಂಬೆಗಳ ಖಾಲಿ ಪೆಟ್ಟಿಗೆಗಳಿರಬೇಕು ಎಂದುಕೊಂಡು ಅದರ ಮೇಲೇ ಇಟ್ಟೆ. ಪುಸ್ತಕವೇ ಇಲ್ಲದ ಮೇಲೆ ಮೇಜಾದರೇನು, ಗೂಡಾದರೇನು.

ಮಂಗಳವಾರ ಮೂರನೆಯ ರಾಷ್ಟ್ರದ ಮಧ್ಯಸ್ಥಿಕೆ. ಅರಿಸಿನ ಕುಂಕುಮಕ್ಕೆ ಬಂದ ಈಶ್ವರಮ್ಮನವರನ್ನು ಬಾಗಿಲಲ್ಲೇ ಹಿಡಿದು, ಈಗ ಜಯನಗರದ ಕಡೆಯೆಲ್ಲ ಐದೇ ಮೆಟ್ಟಿಲು, ನೀವೊಂದು ಮಾತು ಹೇಳಿ ಎಂದು ಬೇಡಿಕೊಂಡೆ. ಅವರು ತಲೆಯಾಡಿಸಿ ಒಳಗೆ ಹೋಗಿ, “ಏನು ಗೌರಮ್ಮನೋರೆ, ಏಳು ಮೆಟ್ಟಿಲು ಅಂದ್ರೆ ಏಳು ಮೆಟ್ಟಿಲೇ ಬಿಡಿ” ಎಂದು ಎರಡು ಪೊಟ್ಟಣ ಉಸಲಿ ಕಟ್ಟಿಸಿಕೊಂಡು ಹೋದರು.

ಅಂದಿನಿಂದ ಅತ್ತೆ ಮಧ್ಯಾಹ್ನದ ನಿದ್ದೆಗೆ ಚಾಪೆಯನ್ನು ಗೊಂಬೆಗಳ ಮುಂದೆಯೇ ಹಾಸತೊಡಗಿದರು. ಒಂದು ಕಣ್ಣು ಮುಚ್ಚಿರುತ್ತಿತ್ತು. ಇನ್ನೊಂದರ ಬಗ್ಗೆ ನನಗೆ ಖಾತ್ರಿಯಿಲ್ಲ.

ಬುಧವಾರ ಊಟ ಮುಗಿಸಿ ಅವರು ಈಶ್ವರಮ್ಮನ ಮನೆ ಗೊಂಬೆ ನೋಡಲು ಹೋದರು. ನನಗೆ ಅಷ್ಟೇ ಸಾಕಿತ್ತು. ಮೆಟ್ಟಿಲ ಹಿಂದೆ ನುಸುಳಿ, ಪಂಚೆ ಎತ್ತಿ ಕೈ ಹಾಕಿದೆ. ಸೇವಂತಿಗೆಯ ಘಮ, ಎಣ್ಣೆದೀಪದ ಶಾಖ. ಬೆರಳಿಗೆ ಏನೋ ಒರಟಾಗಿ ತಗುಲಿತು. ಎಳೆದು ನೋಡಿದೆ. ಇಟ್ಟಿಗೆ. ಪಕ್ಕದಲ್ಲಿ ಇನ್ನೊಂದು. ಅದರಾಚೆ ಸೀಮೆಎಣ್ಣೆ ಡಬ್ಬ. ಪುಸ್ತಕ ಒಂದೂ ಇಲ್ಲ. ಹಳೇ ಪೇಪರಿನವನ ತಕ್ಕಡಿ ಕಣ್ಣ ಮುಂದೆ ತೂಗಿತು.

“ಅಲ್ಲೇನೇ ಮಾಡ್ತಿದೀಯ?” ಬಾಗಿಲಲ್ಲಿ ಅತ್ತೆ, ಹಿಂದೆ ಈಶ್ವರಮ್ಮ.

“ಇಲಿ, ಅತ್ತೆ.”

“ಗಣಪತೀದು ಇರ್ಬೇಕು, ಬಿಡು,” ಎಂದರು ಅತ್ತೆ ನನ್ನ ಕೈಲಿದ್ದ ಇಟ್ಟಿಗೆಯನ್ನೇ ನೋಡುತ್ತಾ. ಈಶ್ವರಮ್ಮ ಮಾತ್ರ ಸೀರೆ ಎತ್ತಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು.

ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಕಾಗದ, ಪರೀಕ್ಷೆ, ಓದದೆ ಉಳಿದ ಅರ್ಧ, ಎಲ್ಲವನ್ನೂ ಅತ್ತುಕೊಂಡೇ ಹೇಳಿಬಿಟ್ಟೆ.

ಅತ್ತೆ ನಿಧಾನವಾಗಿ ಚಾಪೆಯ ಮೇಲೆ ಕೂತರು. “ಓದೋ ಪುಸ್ತಕದ ಮೇಲೆ ಗೊಂಬೆ ನಿಲ್ಲಿಸ್ತಾರೇನೆ? ನೀನೇನೋ ಪ್ರೀತಿಯಿಂದ ಕೊಟ್ಟೆ, ಬೇಡ ಅಂದ್ರೆ ನೊಂದ್ಕೋತೀಯ ಅಂತ ಸುಮ್ಮನಾದೆ. ನೀನು ಒಳಗೆ ಹೋದ ತಕ್ಷಣ ಎಲ್ಲಾ ನಿನ್ನ ಮೇಜಿನ ಮೇಲೇ ಇಟ್ಟು, ಧೂಳು ಬೀಳದಿರಲಿ ಅಂತ ನನ್ನ ಸೀರೆ ಹೊದಿಸಿದೆ.”

“ಮೇಜಿನ ಮೇಲಾ?”

“ಎಲ್ಲಾ ಓದಿದೀನಿ ಅಂದೋಳು ಆ ಕಡೆ ತಿರುಗಿ ನೋಡಲಿಲ್ಲ, ಮೇಲೆ ಚಕ್ಕುಲಿ ಡಬ್ಬ ಬೇರೆ ಇಟ್ಟಿದೀಯ. ನಿಜವಾಗ್ಲೂ ಮುಗಿಸಿರಬೇಕು ಅಂದುಕೊಂಡೆ. ಮೆಟ್ಟಿಲ ಸುತ್ತ ಸುಳಿದಾಡ್ತಿದ್ದೆಯಲ್ಲ, ಕದ್ದು ಐದು ಮಾಡ್ತೀಯೇನೋ ಅಂತ ಕಾವಲು ಮಲಗಿದ್ದೆ.”

ಓಡಿದೆ. ಮೇಜಿನ ಮೇಲೆ ಚಕ್ಕುಲಿ ಡಬ್ಬಗಳಿದ್ದವು, ಸೀರೆ ಮಡಿಸಿಟ್ಟಿತ್ತು, ಪುಸ್ತಕ ಇರಲಿಲ್ಲ.

“ಈಗ ಅಲ್ಲಿಲ್ಲ ಕಣೇ,” ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರು. “ಇವತ್ತು ಮೂಲಾ ನಕ್ಷತ್ರ. ನೀನು ಹಿತ್ತಲಲ್ಲಿ ಬಟ್ಟೆ ಒಗೀತಿದ್ದಾಗ ಸರಸ್ವತಿ ಪೂಜೆಗೆ ಇಟ್ಟೆ.”

ದೇವರಮನೆಯಲ್ಲಿ ಹನ್ನೊಂದು ಪುಸ್ತಕ, ಎರಡು ಕಟ್ಟು. ತುದಿಯಲ್ಲಿ ವಿಶ್ವಸಂಸ್ಥೆ, ಅದರ ಹಣೆಗೆ ಕುಂಕುಮ, ನೆತ್ತಿಗೆ ಹೂವು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ದಿನವೇ ತೆಗೆಯಬೇಕು. ಅಲ್ಲಿಯವರೆಗೆ ಓದುವಂತಿಲ್ಲ. ಬೆಳಿಗ್ಗೆ ಬಾಯಿಬಿಟ್ಟು ಕೇಳಿದ್ದರೂ ಸಿಗುತ್ತಿತ್ತು.

ನಾನು ಹೊಸ್ತಿಲಲ್ಲೇ ಕೂತೆ. ಅತ್ತೆ ಬಂದು ನನ್ನ ಪಕ್ಕದಲ್ಲಿ ಕೂತು, ಮೊರದ ತುಂಬ ಹುರುಳಿಕಾಯಿಯನ್ನು ನಡುವೆ ಇಟ್ಟರು.

“ಪುಸ್ತಕ ಮುಟ್ಟಬಾರದು ಅಷ್ಟೆ. ಓದಿದ್ದನ್ನ ಹೇಳಬಾರದು ಅಂತ ಎಲ್ಲೂ ಇಲ್ಲ. ಅರ್ಧ ಓದಿದೀಯಲ್ಲ, ಆ ಅರ್ಧ ನಂಗೆ ಹೇಳು. ಉಳಿದದ್ದು ದಶಮಿ ದಿನ ಓದ್ಕೋ, ಅಡುಗೆ ನಾನು ನೋಡ್ಕೋತೀನಿ.”

ನಾಲ್ಕು ದಿನ ಹಾಗೆಯೇ ನಡೆಯಿತು. ನಾನು ಪರೀಕ್ಷೆಯ ಭಾಷೆಯಲ್ಲಿ ಶುರು ಮಾಡಿದರೆ ಅತ್ತೆ ತಡೆಯುತ್ತಿದ್ದರು: “ಹಾಗಂದ್ರೆ?” ಬಿಡಿಸಿ ಹೇಳಿದರೆ, “ಯಾಕೆ?” ಯಾವ ಪರೀಕ್ಷಕರೂ ನನ್ನನ್ನು ಅಷ್ಟು ಬೆವರಿಸಿದ್ದಿಲ್ಲ. (ಪಾಸಾದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ನೀವು ಕಾಯಬೇಡಿ. ಎಷ್ಟು ಬಂತೆಂದು ಮಾತ್ರ ಕೇಳಬೇಡಿ.)

ಮೊದಲ ದಿನದ ಪಾಠ ಶೀತಲ ಸಮರ. ಬಿಸಿಲು ಕಿಟಕಿಯಿಂದ ಇಳಿದು ಶೆಟ್ಟಿ ಗೊಂಬೆಯ ಹೊಟ್ಟೆಯ ಮೇಲೆ ಕೂತಿತ್ತು.

“ಎರಡು ದೊಡ್ಡ ದೇಶ, ಅತ್ತೆ,” ಎಂದೆ. “ಎದುರೆದುರು ಜಗಳ ಆಡಲ್ಲ. ಒಬ್ಬರ ಮನಸ್ಸಲ್ಲಿ ಏನಿದೆ ಅಂತ ಇನ್ನೊಬ್ಬರು ಕೇಳೋದೂ ಇಲ್ಲ. ಮುಂದೆ ನಗ್ತಾರೆ, ಹಿಂದೆ ಕಾವಲು ಹಾಕ್ತಾರೆ. ಹೇಳಬೇಕಾದ್ದನ್ನ ಮೂರನೆಯವರ ಬಾಯಲ್ಲಿ ಹೇಳಿಸ್ತಾರೆ. ಒಳಗೆ ನೋಡಿದ್ರೆ ಇಬ್ಬರಿಗೂ ಹೆದರಿಕೆ, ಅಷ್ಟೇ.”

ಅತ್ತೆ ಹುರುಳಿಕಾಯಿಯ ನಾರು ತೆಗೆದು ಮೊರಕ್ಕೆ ಹಾಕಿದರು.

“ಇದನ್ನ ತಿಳ್ಕೊಳ್ಳೋಕೆ ಎರಡು ವರ್ಷ ಓದ್ಬೇಕಾಯ್ತೇನೆ? ಹೋದ ಶನಿವಾರದಿಂದ ನಾವಿಬ್ರೂ ಮಾಡ್ತಿದ್ದದ್ದು ಇದನ್ನೇ ಅಲ್ವಾ.”