ಹದಿನೇಳು ಗೆಲುವು, ಒಂದು ದವಡೆ ಹಲ್ಲು

ಎಲ್ಲ ಅನಾಹುತಕ್ಕೂ ಮೂಲ, ಅರಳದೆ ಉಳಿದ ಒಂದು ಜೋಳದ ಕಾಳು.

ಮೂರು ವಾರದ ಹಿಂದೆ, ಹ್ಯಾಡ್ಲಿ ಮಿಲ್ಸ್ ಊರಿನ ಮೈದಾನದಲ್ಲಿ, ಒಂಬತ್ತು ಪಂದ್ಯ ಸತತವಾಗಿ ಸೋತಿದ್ದ, ಕೊಕ್ಕರೆಗಳೆಂಬ ಹೆಸರಿನ ಬೇಸ್‌ಬಾಲ್ ತಂಡ ಹತ್ತನೆಯದನ್ನೂ ಸೋಲುವ ಸಿದ್ಧತೆಯಲ್ಲಿತ್ತು. ಅರ್ವಿನ್ ಪ್ರೊಹಾಸ್ಕಾ ಮೂರನೆಯ ಸಾಲಿನಲ್ಲಿ ಕುಳಿತು ಪಾಪ್‌ಕಾರ್ನ್ ತಿನ್ನುತ್ತಿದ್ದ. ಪೊಟ್ಟಣದ ತಳದಲ್ಲಿ ಅಡಗಿದ್ದ ಆ ಕಾಳು ಎಡಗಡೆಯ ದವಡೆ ಹಲ್ಲಿಗೆ ಸಿಕ್ಕಿತು. ಹಲ್ಲು ಕಟಕ್ಕೆಂದು ಸೀಳಿತು. ಪ್ರೊಹಾಸ್ಕಾ ಕಿರುಚಿದ. ಆ ಕೂಗಿಗೆ ಬೆಚ್ಚಿದ ಎದುರಾಳಿ ಎಸೆತಗಾರನ ಕೈಯಿಂದ ಚೆಂಡು ಮದುವೆ ಮನೆಯ ಲಾಡುವಿನಂತೆ ಮೆತ್ತಗೆ ಬಂತು. ಏಪ್ರಿಲ್‌ನಿಂದ ಒಂದು ಚೆಂಡನ್ನೂ ನೆಟ್ಟಗೆ ಹೊಡೆಯದ ಕೊಕ್ಕರೆಗಳ ಆಟಗಾರನೊಬ್ಬ ಅದನ್ನು ಬೇಲಿಯಾಚೆ ಕಳಿಸಿದ. ಕೊಕ್ಕರೆಗಳು ಗೆದ್ದವು.

ಮರುದಿನ ಪ್ರೊಹಾಸ್ಕಾ ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡು ಬಂದ. ಮತ್ತೆ ಗೆದ್ದವು. ಮೂರನೆಯ ದಿನವೂ ಗೆದ್ದಾಗ ಪಕ್ಕದ ಮನೆಯ ಡೆಲೋರಿಸ್ ಮಕ್ನಲ್ಟಿ ಇಡೀ ಬೀದಿಗೆ ಕೇಳುವಂತೆ ತೀರ್ಪು ಕೊಟ್ಟಳು: "ಆ ಹಲ್ಲಿಗೆ ಯಾರೂ ಕೈ ಹಚ್ಚಬೇಡಿ."

ತಂಡ ಗೆಲ್ಲುತ್ತಿರುವಾಗ ಏನನ್ನೂ ಬದಲಿಸಬಾರದೆಂಬುದು ಆ ಊರಿನಲ್ಲಿ ಬರೆಯದ ಕಾನೂನು. ಮಾಂಸದಂಗಡಿಯವನು ಹದಿನೇಳು ಗೆಲುವುಗಳಿಂದ ಟೋಪಿ ಒಗೆದಿರಲಿಲ್ಲ. ಚರ್ಚಿನ ಪಾದ್ರಿ ಮೂರು ಭಾನುವಾರವೂ ಅದೇ ಪ್ರವಚನ ಕೊಟ್ಟಿದ್ದ, ಯಾರೂ ದೂರಿರಲಿಲ್ಲ. ಆದರೆ ಟೋಪಿ ಮಾಂಸದಂಗಡಿಯವನದು, ಪ್ರವಚನ ಪಾದ್ರಿಯದು. ಹಲ್ಲು ಮಾತ್ರ ಪ್ರೊಹಾಸ್ಕಾನ ಬಾಯಲ್ಲಿದ್ದರೂ ಊರಿನದಾಗಿತ್ತು. ಊರಿಗೆ ಇದ್ದವರು ಒಬ್ಬರೇ ದಂತವೈದ್ಯರು, ಡಾಕ್ಟರ್ ಗ್ರೂಬರ್. ಅವರು ಅವನ ಬಾಯೊಳಗೆ ಟಾರ್ಚು ಬಿಟ್ಟು ನೋಡಿ, "ಆಹಾ, ಭದ್ರವಾಗಿದೆ," ಎಂದು ಬಾಯಿ ಮುಚ್ಚಿಸಿ ಕಳಿಸಿದ್ದರು.

ಇಪ್ಪತ್ತು ದಿನದಿಂದ ಪ್ರೊಹಾಸ್ಕಾ ಟೊಮೆಟೊ ಸೂಪಿನ ಮೇಲೆ ಬದುಕಿದ್ದ. ನೀರಿನ ಇಲಾಖೆಯಲ್ಲಿ ಮೀಟರ್ ಓದುವ ಕೆಲಸ ಅವನದು. ಹೋದ ಮನೆಯಲ್ಲೆಲ್ಲ, "ನೋವು ಇದೆ ತಾನೆ?" ಎಂದು ಕೇಳುತ್ತಿದ್ದರು. ಇದೆ ಎಂದರೆ ಮುಖ ಅರಳಿಸಿ ಬೆನ್ನು ತಟ್ಟುತ್ತಿದ್ದರು. ಸಿಟ್ಟು ಅವನ ಹೊಟ್ಟೆಯಲ್ಲಿ ಸೂಪಿಗಿಂತ ಬಿಸಿಯಾಗಿ ಕುದಿಯುತ್ತಿತ್ತು.

ಆ ಸಿಟ್ಟಿಗೆ ಇನ್ನೊಂದು ಹಳೆಯ ಬೇರಿತ್ತು. ಮೈದಾನದ ಹಿಂಗೋಡೆಯ ಮೇಲೆ ಆಳೆತ್ತರದ ಬಿಳಿ ಅಂಕಿಯಲ್ಲಿ ಹದಿನೇಳು ಎಂದು ಬರೆದಿತ್ತು. ಕೊಕ್ಕರೆ ತಂಡದ ಚರಿತ್ರೆಯಲ್ಲೇ ಅತಿ ಉದ್ದದ ಗೆಲುವಿನ ಸಾಲು ಅದು, ೧೯೩೧ರದು. ಅದು ಸುಳ್ಳೆಂದು ಪ್ರೊಹಾಸ್ಕಾನಿಗೆ ಗೊತ್ತಿತ್ತು. ಆ ವರ್ಷ ಹದಿನೇಳು ಗೆದ್ದ ಮೇಲೆ ಒಂದು ಪಂದ್ಯ ಮೂರು-ಮೂರರಲ್ಲಿ ಸಮವಾಗಿರುವಾಗ ಕತ್ತಲಾಯಿತು. ಆಗ ಮೈದಾನಕ್ಕೆ ದೀಪಗಳಿರಲಿಲ್ಲ, ಪಂದ್ಯ ಅಲ್ಲಿಗೇ ಟೈ ಎಂದು ಮುಗಿಯಿತು. ಆಮೇಲೆ ಮತ್ತೆ ಐದು ಗೆದ್ದರು. ಟೈ ಆದರೆ ಗೆಲುವೂ ಅಲ್ಲ, ಸೋಲೂ ಅಲ್ಲ, ಅದು ಸಾಲನ್ನು ಮುರಿಯುವುದಿಲ್ಲ. ಆದ್ದರಿಂದ ನಿಜವಾದ ದಾಖಲೆ ಇಪ್ಪತ್ತೆರಡು. ಇದನ್ನು ಅವನು ಹನ್ನೊಂದು ವರ್ಷಗಳಿಂದ ತಂಡದ ಕಚೇರಿಗೆ, ಪತ್ರಿಕೆಗೆ, ಮೇಯರಿಗೆ ಬರೆಯುತ್ತ ಬಂದಿದ್ದ. ಯಾರೂ ಉತ್ತರಿಸಿರಲಿಲ್ಲ. ಬೀದಿಯಲ್ಲಿ ಅವನು ಬಾಯಿ ತೆರೆದರೆ ಜನ ಗಡಿಯಾರ ನೋಡಿಕೊಳ್ಳುತ್ತಿದ್ದರು. ಹನ್ನೊಂದು ವರ್ಷ ಒಂದೇ ನಿಜವನ್ನು ಕಿವುಡರಿಗೆ ಹೇಳಿದವನ ಒಳಗೆ ಎಂಥ ಮೌನ ಬೆಳೆಯುತ್ತದೆಂದು ಅವನಿಗೊಬ್ಬನಿಗೇ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಎದ್ದಾಗ ಕೆನ್ನೆ ಬನ್ನಿನಂತೆ ಉಬ್ಬಿತ್ತು. ಅಂದು ಮಧ್ಯಾಹ್ನ ಗೆದ್ದರೆ ಹದಿನೆಂಟು.

"ಇವತ್ತು ಒಂದಿನ ತಡ್ಕೋ ಅರ್ವಿನ್," ಎಂದಳು ಹೆಂಡತಿ ಥೆಲ್ಮಾ, ಕನ್ನಡಿಯ ಮುಂದೆ ಹ್ಯಾಟು ಸರಿಮಾಡಿಕೊಳ್ಳುತ್ತ. ಈಸ್ಟರಿಗೆ ಮಾತ್ರ ಹೊರಬರುವ ನೀಲಿ ಹ್ಯಾಟು ಅದು.

"ನೀನೆಲ್ಲಿಗೆ ಹೊರಟೆ?"

"ಮ್ಯಾಚಿಗೆ."

"ಮೂವತ್ತು ವರ್ಷದಲ್ಲಿ ಒಂದು ಸಲಾನೂ ಬಂದಿಲ್ಲ ನೀನು."

"ಇವತ್ತು ಹೋಗ್ಬೇಕು ಅನ್ನಿಸ್ತು. ಸೂಪು ಒಲೆ ಮೇಲಿದೆ." ಕಂಕುಳಲ್ಲಿ ದೊಡ್ಡ ಕೈಚೀಲ ಅವುಚಿಕೊಂಡು ಅವಳು ಹೊರಟುಹೋದಳು.

ಹೆಂಡತಿಯೂ ಆ ಕಡೆ ಸೇರಿದಳೆಂದು ಪ್ರೊಹಾಸ್ಕಾನ ತಲೆ ಸಿಡಿಯಿತು. ಆಗಿದ್ದಾಗಲಿ ಎಂದು ಟೋಪಿ ಕಣ್ಣಿನವರೆಗೆ ಎಳೆದುಕೊಂಡು, ನಲವತ್ತು ಮೈಲಿ ಆಚೆಯ ಲಾರಿಮರ್ ಊರಿನ ಬಸ್ಸು ಹತ್ತಲು ಹೋದ. ಅಲ್ಲಿ ಮೂವರು ದಂತವೈದ್ಯರಿದ್ದರು, ಮೂವರೂ ಬೇರೆ ತಂಡದ ಅಭಿಮಾನಿಗಳು. ಬಸ್ಸಿನ ಚಾಲಕ ಕ್ಲೀಟಸ್ ಬಾಗಿಲಲ್ಲೇ ತಡೆದ.

"ಎಲ್ಲಿಗೆ ಸವಾರಿ?"

"ಅತ್ತಿಗೆ ಮನೆಗೆ."

"ಬಾಯಿ ತೆಗಿ ನೋಡೋಣ."

"ಬಸ್ ಹತ್ತೋಕೆ ಬಾಯಿ ಯಾಕಯ್ಯಾ ತೆಗೀಬೇಕು?"

"ನೀನು ಹೋಗು, ಬೇಡ ಅನ್ನಲ್ಲ. ಆದ್ರೆ ಆ ಹಲ್ಲು ಊರು ದಾಟೋ ಹಾಗಿಲ್ಲ." ಬಸ್ಸಿನೊಳಗಿಂದ ಒಬ್ಬ ಮುದುಕಿ ಕೂಡ, "ಇಳಿಯಪ್ಪಾ, ಮನೆಗೆ ಹೋಗು, ಒಳ್ಳೇವ್ನು ನೀನು," ಎಂದಳು. ಬಸ್ಸು ಹೊಗೆ ಬಿಟ್ಟು ಹೊರಟಿತು.

ಔಷಧದ ಅಂಗಡಿಯವನು ಒಂದೇ ಒಂದು ಮಾತ್ರೆಯನ್ನು ಅರ್ಧ ಮಾಡಿ ಕೊಟ್ಟ.

"ಪೂರ್ತಿ ಕೊಡ್ರೀ."

"ಪೂರ್ತಿ ಕೊಟ್ರೆ ನೋವು ಹೋಗ್ಬಿಡುತ್ತೆ. ನೋವಿದ್ದಾಗಲೇ ಅಲ್ವಾ ಗೆದ್ದಿದ್ದು? ನನಗೂ ಮನಸ್ಸಾಕ್ಷಿ ಇದೆ, ಪ್ರೊಹಾಸ್ಕಾ ಅವ್ರೇ."

ಮನೆಗೆ ಮರಳಿದ ಪ್ರೊಹಾಸ್ಕಾ ಮೀನು ಹಿಡಿಯುವ ದಾರದ ಒಂದು ತುದಿಯನ್ನು ಹಲ್ಲಿಗೂ ಇನ್ನೊಂದನ್ನು ಅಡುಗೆಮನೆಯ ಬಾಗಿಲ ಹಿಡಿಕೆಗೂ ಕಟ್ಟಿ, ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತ. ಬಾಗಿಲು ಹೊರಕ್ಕೆ ತೆರೆಯುವಂಥದು. ತಾನೇ ಎಳೆದುಕೊಳ್ಳುವ ಧೈರ್ಯವಿರಲಿಲ್ಲ. ಆದರೆ ದಿನಕ್ಕೆ ಆರು ಸಲ ಹೇಳದೆ ಕೇಳದೆ ಆ ಬಾಗಿಲು ಸೆಳೆದು ನುಗ್ಗುವ ಡೆಲೋರಿಸ್ ಇದ್ದಳಲ್ಲ. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವಳ ಬರವಿಗಾಗಿ ಅವನು ಪ್ರಾರ್ಥಿಸಿದ.

ಅವಳು ಬಂದಳು. ಆದರೆ ಬಾಗಿಲಿಗೆ ಬರಲಿಲ್ಲ. ತೆರೆದ ಕಿಟಕಿಯಲ್ಲಿ ಅವಳ ಮುಖ ಕಾಣಿಸಿತು, ಆಮೇಲೆ ಕೈ, ಆ ಕೈಯಲ್ಲಿ ಗುಲಾಬಿ ಗಿಡ ಕತ್ತರಿಸುವ ಕತ್ತರಿ. ಕಚಕ್ಕೆಂದು ದಾರ ಎರಡಾಯಿತು.

"ನಾಚಿಕೆ ಆಗ್ಬೇಕು ನಿನಗೆ," ಎಂದಳು ಡೆಲೋರಿಸ್. "ಐವತ್ತು ವರ್ಷದಿಂದ ಊರು ಕಾಯ್ತಾ ಇದೆ. ನಮ್ಮೆಜಮಾನ್ರು ಇದನ್ನ ನೋಡ್ದೇನೇ ಸತ್ರು."

"ನಿಮ್ಮೆಜಮಾನ್ರ ಹಲ್ಲು ಚೆನ್ನಾಗಿತ್ತಲ್ಲ ಡೆಲೋರಿಸ್ ಅವ್ರೇ."

"ಅವ್ರ ಬಾಯಲ್ಲಿ ಈ ಹಲ್ಲಿದ್ದಿದ್ರೆ ಒಂದು ಮಾತೂ ಆಡ್ದೇ ತಡ್ಕೋತಿದ್ರು."

ಇನ್ನು ಇವನನ್ನು ಒಬ್ಬನೇ ಬಿಡುವಂತಿಲ್ಲವೆಂದು ನಿರ್ಧಾರವಾಯಿತು. ಡೆಲೋರಿಸ್ ಒಂದು ತೋಳು, ಮಾಂಸದಂಗಡಿಯವನು ಇನ್ನೊಂದು ತೋಳು ಹಿಡಿದು ಅವನನ್ನು ಡಾಕ್ಟರ್ ಗ್ರೂಬರರ ಕುರ್ಚಿಯಲ್ಲಿ ಕೂರಿಸಿದರು. ಹಲ್ಲು ಕೀಳದ ದಂತವೈದ್ಯರ ಮನೆಗಿಂತ ಭದ್ರವಾದ ಜಾಗ ಅದಕ್ಕೆ ಬೇರೊಂದಿರಲಿಲ್ಲ.

ಗ್ರೂಬರ್ ರೇಡಿಯೊ ಹಚ್ಚಿ, ಅವನ ಕೆನ್ನೆಯನ್ನು ನೋಡಿ ಸ್ವಲ್ಪ ಮೆತ್ತಗಾದರು. "ನೋಡಪ್ಪ ಅರ್ವಿನ್, ನಾನೂ ಮನುಷ್ಯನೇ. ಇವತ್ತು ಗೆದ್ರೆ ಹದಿನೆಂಟು, ದಾಖಲೆ ಮುರಿದ ಹಾಗೆ. ಮುರಿದ ಕ್ಷಣ ಕೀಳ್ತೀನಿ. ಆಮೇಲೆ ಅವ್ರು ಸೋತ್ರೆ ಸೋಲ್ಲಿ. ಏನಂತೀರಿ ಡೆಲೋರಿಸ್?"

ಡೆಲೋರಿಸ್ ಯೋಚಿಸಿದಳು. "ದಾಖಲೆ ಮುರಿದ್ಮೇಲೆ ಅವ್ನ ಹಲ್ಲು ಅವ್ನದು."

"ಆಣೆ?" ಎಂದ ಪ್ರೊಹಾಸ್ಕಾ.

"ನಮ್ಮಮ್ಮನಾಣೆ," ಎಂದರು ಗ್ರೂಬರ್. ತಟ್ಟೆಯ ಮೇಲೆ ಇಕ್ಕಳ ತೆಗೆದಿಟ್ಟರು. ಅದರ ಹೊಳಪು ನೋಡಿ ಪ್ರೊಹಾಸ್ಕಾನ ಕಣ್ಣಲ್ಲಿ ನೀರು ತುಂಬಿತು. ಅಷ್ಟರಲ್ಲಿ ಗ್ರೂಬರ್ ಏನೋ ನೆನಪಾದವರಂತೆ ತಿರುಗಿದರು. "ಅಲ್ಲ, ದಾಖಲೆ ಹದಿನೇಳೇ ತಾನೆ? ನೀನು ಹಿಂದೆ ಬೇರೆ ಏನೋ ಲೆಕ್ಕ ಹೇಳ್ತಾ ಇದ್ದೆ. ನಾನು ಸರಿಯಾಗಿ ಕೇಳಿಸ್ಕೊಂಡಿಲ್ಲ."

ಹನ್ನೊಂದು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಇವತ್ತು, ಈ ಕುರ್ಚಿಯಲ್ಲಿ, ಒಬ್ಬರು ಕೇಳಿದ್ದರು. ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು, ನೋಯುವ ಹಲ್ಲಿನ ಪಕ್ಕದಲ್ಲೇ. ೧೯೩೧ರ ಆ ಸಂಜೆ, ಚೆಂಡು ಕಾಣದಷ್ಟು ಕತ್ತಲಲ್ಲಿ ನಿಂತಿದ್ದ ಒಂಬತ್ತು ಮಂದಿ ಅವನ ಕಣ್ಣ ಮುಂದೆ ಬಂದರು. ಅವರಿಗಾಗಿ ವಾದಿಸಿದವನು ಲೋಕದಲ್ಲಿ ಅವನೊಬ್ಬನೇ.

"ಹದಿನೇಳೇ," ಎಂದ ಪ್ರೊಹಾಸ್ಕಾ.

ಹೇಳಿದ ಮೇಲೆ ಹಲ್ಲಿಗಿಂತ ಆಳದಲ್ಲಿ ಏನೋ ನೋಯಿತು. ಅದಕ್ಕೂ ಊರನ್ನೇ ಶಪಿಸಿದ.

ಪಂದ್ಯ ನಡೆಯಿತು. ಎಂಟನೆಯ ಸರದಿಯವರೆಗೆ ಕೊಕ್ಕರೆಗಳು ಎರಡು ರನ್ ಹಿಂದಿದ್ದವು. ಡೆಲೋರಿಸ್ ಎದ್ದು ಬಂದು, "ಕ್ಷಮಿಸು," ಎನ್ನುತ್ತ ಅವನ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಪ್ರೊಹಾಸ್ಕಾ ಊಳಿಟ್ಟ. ರೇಡಿಯೊದಲ್ಲಿ ಜನರ ಗದ್ದಲ ಎದ್ದಿತು, ಎರಡು ರನ್ ಬಂದವು. "ನೋಡಿದ್ರಾ?" ಎಂದು ಅವಳು ಮಾಂಸದಂಗಡಿಯವನ ಕಡೆ ತಿರುಗಿದಳು. ಒಂಬತ್ತನೆಯ, ಕೊನೆಯ ಸರದಿಯಲ್ಲಿ ಅವನು ಒತ್ತಿದ. ಅವನ ಹೆಬ್ಬೆರಳು ದಪ್ಪ. ಕೊಕ್ಕರೆಗಳು ಗೆದ್ದವು.

ಬೀದಿಯಲ್ಲಿ ಕಾರುಗಳು ಹಾರ್ನು ಬಾರಿಸಿದವು, ಚರ್ಚಿನ ಗಂಟೆ ಹೊಡೆಯಿತು. ಡೆಲೋರಿಸ್ ಅತ್ತಳು. ಮಾಂಸದಂಗಡಿಯವನು ಟೋಪಿ ತೆಗೆದ. ಕೋಣೆಯವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಗ್ರೂಬರ್ ಮಾತಿಗೆ ತಪ್ಪದ ಮನುಷ್ಯ. ಒಸಡಿಗೆ ಮೂರು ಕಡೆ ಸೂಜಿ ಚುಚ್ಚಿದರು. ಮುಖದ ಎಡಭಾಗ ಮರದ ಹಲಗೆಯಾಯಿತು, ನಾಲಿಗೆ ಒದ್ದೆ ಕಾಲುಚೀಲದಂತೆ ಮಲಗಿತು. ಇಪ್ಪತ್ತು ದಿನದಲ್ಲಿ ಮೊದಲ ಸಲ ನೋವಿಲ್ಲ. ಗ್ರೂಬರ್ ಇಕ್ಕಳ ಎತ್ತಿದರು. ಅದರ ತಣ್ಣನೆಯ ಮೂತಿ ಹಲ್ಲನ್ನು ಕಚ್ಚಿತು.

"ಎಲ್ರೂ ಒಂದ್ನಿಮಿಷ ಕೂತ್ಕೊಳ್ಳಿ," ಎಂದಿತು ರೇಡಿಯೊ. ತಂಡದ ಅಧ್ಯಕ್ಷನ ದನಿ. "ಮೈದಾನದಲ್ಲಿ ಒಬ್ರು ಹೆಣ್ಮಗಳು ನಮ್ಮ ಜೊತೆ ಇದ್ದಾರೆ. ಹೋದ ವಾರ ನಮ್ಮ ಕಚೇರಿಗೆ ಒಂದು ಕಟ್ಟು ಕಾಗದ ತಂದುಕೊಟ್ರು. ಮಾತಾಡಿ ತಾಯಿ."

"ನಮಸ್ಕಾರ," ಎಂದಿತು ಇನ್ನೊಂದು ದನಿ. ಪ್ರೊಹಾಸ್ಕಾ ಕುರ್ಚಿಯಲ್ಲಿ ಸೆಟೆದ. ಅದು ಥೆಲ್ಮಾ. "ನನ್ನ ಗಂಡ ಅರ್ವಿನ್ ಹನ್ನೊಂದು ವರ್ಷ ಒಂದು ವಿಷ್ಯಾನ ಎಲ್ರಿಗೂ ಹೇಳಿದ್ರು. ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಈಗ ಮೂರು ವಾರದಿಂದ ಹಲ್ಲು ನೋವಲ್ಲಿ ಮಾತೇ ಆಡ್ತಿಲ್ಲ. ಮನೆ ತುಂಬಾ ಮೌನ. ಆಗ ಕೂತು ಅವ್ರ ಕಾಗದಗಳನ್ನ ಓದಿದೆ. ಅವ್ರು ಹೇಳಿದ್ದು ನಿಜ ಅನ್ನಿಸ್ತು. ಅರ್ವಿನ್, ಕೇಳ್ತಿದ್ದೀಯಾ? ನಿನಗೆ ಖುಷಿ ಆಗ್ಲಿ ಅಂತ."

ಅಧ್ಯಕ್ಷ ಮುಂದುವರಿಸಿದ. ಹಳೆಯ ಪತ್ರಿಕೆಗಳನ್ನು ತೆಗೆಸಿ ನೋಡಿದ್ದಾಯಿತು, ಪಂದ್ಯಾವಳಿಯವರೂ ಒಪ್ಪಿದರು, ಟೈ ಸಾಲನ್ನು ಮುರಿಯುವುದಿಲ್ಲ. ಈ ಗಳಿಗೆಯಲ್ಲೇ ಗೋಡೆಯ ಮೇಲೆ ಹದಿನೇಳನ್ನು ಅಳಿಸಿ ಇಪ್ಪತ್ತೆರಡು ಬರೆಯಲಾಗುತ್ತಿದೆ. "ಅಂದ್ರೆ ಮಹನೀಯರೇ, ದಾಖಲೆ ಇನ್ನೂ ಮುರಿದಿಲ್ಲ. ಇನ್ನೈದು ಗೆಲುವು ಬೇಕು. ನಾಳೆ ಎಲ್ರೂ ಬನ್ನಿ."

ಇಕ್ಕಳ ಹಲ್ಲನ್ನು ಬಿಟ್ಟಿತು. ಬಹಳ ಮೆಲ್ಲಗೆ, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವಂತೆ, ಗ್ರೂಬರ್ ಅದನ್ನು ತಟ್ಟೆಯಲ್ಲಿಟ್ಟರು.

"ಆಣೆ," ಎನ್ನಲು ಪ್ರೊಹಾಸ್ಕಾ ಯತ್ನಿಸಿದ. ಬರೀ ಜೊಲ್ಲು ಬಂತು.

"ದಾಖಲೆ ಮುರಿದ ಕ್ಷಣ ಅಂದಿದ್ದೆ," ಎಂದರು ಗ್ರೂಬರ್. "ಇಪ್ಪತ್ಮೂರಕ್ಕೆ ಬಾ. ಅಬ್ಬ, ಕೂದಲೆಳೆಯಲ್ಲಿ ತಪ್ಪಿತು ಅನಾಹುತ."

"ಹೆಂಡ್ತಿ ಅಂದ್ರೆ ಹೀಗಿರ್ಬೇಕು," ಎಂದು ಡೆಲೋರಿಸ್ ಕಣ್ಣೊರೆಸಿಕೊಂಡಳು.

ಕೆಳಗೆ ಬೀದಿಯಲ್ಲಿ ಜನ ಸೇರಿ ಪ್ರೊಹಾಸ್ಕಾನ ಹೆಸರು ಕೂಗುತ್ತಿದ್ದರು. ಅವನು ಮಾತಾಡಬೇಕಂತೆ. ಹನ್ನೊಂದು ವರ್ಷ ಮುಖ ತಿರುಗಿಸಿದ ಊರು ಕಿಟಕಿಯ ಕೆಳಗೆ ಕಿವಿ ತೆರೆದು ನಿಂತಿತ್ತು, ಅವನ ನಾಲಿಗೆ ಮಾತ್ರ ಹೇಳಿದಂತೆ ಕೇಳುತ್ತಿರಲಿಲ್ಲ. ಅವನು ಗ್ರೂಬರರ ಚೀಟಿ ಪುಸ್ತಕ ಕಿತ್ತುಕೊಂಡು, ಕಾಗದ ಹರಿಯುವಷ್ಟು ಒತ್ತಿ ಬರೆದ: ನಾನು ಇದುವರೆಗೆ ಬರೆದದ್ದೆಲ್ಲ ತಪ್ಪು. ಟೈ ಅಂದರೆ ಸೋಲೇ. ದಾಖಲೆ ಹದಿನೇಳೇ. ಅರ್ವಿನ್ ಪ್ರೊಹಾಸ್ಕಾ.

ಗ್ರೂಬರ್ ಎರಡು ಸಲ ಓದಿ, ಡೆಲೋರಿಸಳಿಗೆ ಕೊಟ್ಟರು. ಅವಳು ಓದಿ ತಲೆಯಾಡಿಸಿ, ನಾಲ್ಕಾಗಿ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಪಾಪ," ಎಂದಳು. "ನೋವಲ್ಲಿ ಮನುಷ್ಯ ಏನು ಬೇಕಾದ್ರೂ ಬರೀತಾನೆ. ನಾವದನ್ನ ಕೇಳಿಸ್ಕೋಬಾರ್ದು."